12 ವೋಲ್ಟ್ ಕ್ರೋಬಾರ್ ಸರ್ಕ್ಯೂಟ್: ಫ್ಯೂಸ್ ಪದೇ ಪದೇ ಹೋದರೆ ಎಲ್ಲಿ ಹುಡುಕಬೇಕು

ವೈಫೈ ರೂಟರ್, ಸಿಸಿಟಿವಿ ಡಿವಿಆರ್, ಗೇಟಿನ ಕ್ಯಾಮೆರಾ, ಸಣ್ಣ ಆಂಪ್ಲಿಫೈಯರ್. ಬೆಂಗಳೂರಿನ ಒಂದು ಸಾಧಾರಣ ಮನೆಯಲ್ಲೂ 12 ವೋಲ್ಟ್ ಅಡಾಪ್ಟರ್ ಮೇಲೆ ನಡೆಯುವ ಸಾಮಾನು ಬೇಕಾದಷ್ಟಿರುತ್ತದೆ. ಅಡಾಪ್ಟರ್ ಕೆಟ್ಟು 12ರ ಬದಲು 18, 20 ವೋಲ್ಟ್ ಹೊರಗೆ ಬಂದರೆ ಸಾಮಾನು ಹೋದ ಹಾಗೇ. ಅದಕ್ಕೇ ಎಲೆಕ್ಟ್ರಾನಿಕ್ಸ್ ಹವ್ಯಾಸ ಇರುವವರು ಮಧ್ಯದಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಸೇರಿಸುತ್ತಾರೆ. ಒಂದು ಫ್ಯೂಸ್, ಒಂದು ಎಸ್‌ಸಿಆರ್, ಒಂದು ಝೀನರ್ ಡಯೋಡ್. ಎಸ್‌ಸಿಆರ್ ಎಂದರೆ ಒಮ್ಮೆ ಆನ್ ಆದರೆ ಕರೆಂಟ್ ನಿಲ್ಲುವ ತನಕ ಆನ್ ಆಗಿಯೇ ಇರುವ ಎಲೆಕ್ಟ್ರಾನಿಕ್ ಸ್ವಿಚ್. ಝೀನರ್ ಎಂದರೆ ಗೊತ್ತುಪಡಿಸಿದ ವೋಲ್ಟೇಜ್ ಮುಟ್ಟಿದಾಗ ಮಾತ್ರ ಹರಿಯಲು ಬಿಡುವ ಡಯೋಡ್. ವೋಲ್ಟೇಜ್ ಮಿತಿ ದಾಟಿದ ತಕ್ಷಣ ಎಸ್‌ಸಿಆರ್ ಪ್ಲಸ್ ಮತ್ತು ಮೈನಸ್ ಎರಡನ್ನೂ ಶಾರ್ಟ್ ಮಾಡುತ್ತದೆ, ಫ್ಯೂಸ್ ಹೋಗುತ್ತದೆ, ಸಾಮಾನು ಉಳಿಯುತ್ತದೆ. ಇದನ್ನೇ ಕ್ರೋಬಾರ್ ಎನ್ನುತ್ತಾರೆ.

ಕಟ್ಟುವುದು ಅರ್ಧ ಗಂಟೆಯ ಕೆಲಸ. ತಲೆನೋವು ಆಮೇಲೆ. ಒಂದು ದಿನ ಫ್ಯೂಸ್ ಹೋಗುತ್ತದೆ. ಹೊಸದು ಹಾಕುತ್ತೀರಿ, ಅದೂ ಹೋಗುತ್ತದೆ. ಆಗ ಬಹಳ ಜನ ಮಾಡುವುದು ಎರಡೇ ಕೆಲಸ: ದೊಡ್ಡ ಫ್ಯೂಸ್ ಹಾಕುವುದು, ಇಲ್ಲವೇ ಸರ್ಕ್ಯೂಟನ್ನೇ ಕಿತ್ತು ಪಕ್ಕಕ್ಕಿಡುವುದು. ದಯವಿಟ್ಟು ಎರಡನ್ನೂ ಮಾಡಬೇಡಿ. ಫ್ಯೂಸ್ ಹೋಗಿದೆ ಎಂದರೆ ಮೂರರಲ್ಲಿ ಒಂದು ನಡೆದಿದೆ. ನಿಜವಾಗಿಯೂ ವೋಲ್ಟೇಜ್ ಏರಿದೆ. ಅಥವಾ ಏರದಿದ್ದರೂ ಸರ್ಕ್ಯೂಟ್ ಸುಮ್ನೆ ಟ್ರಿಪ್ ಆಗಿದೆ. ಅಥವಾ ಮುಂದಿರುವ ಸಾಮಾನಿನಲ್ಲೇ ಶಾರ್ಟ್ ಇದೆ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ಗೊತ್ತಾಗುವ ತನಕ ಹೊಸ ಫ್ಯೂಸ್ ಹಾಕಿ ಪ್ರಯೋಜನ ಇಲ್ಲ.

ನಾವು ಮಾತಾಡುತ್ತಿರುವ ಸರ್ಕ್ಯೂಟ್

ಅಡಾಪ್ಟರಿನ ಪ್ಲಸ್ ಮೊದಲು ಫ್ಯೂಸಿಗೆ ಬರುತ್ತದೆ. ಫ್ಯೂಸ್ ದಾಟಿದ ಮೇಲೆ ಎಸ್‌ಸಿಆರ್‌ನ ಆನೋಡ್ ಆ ಪ್ಲಸ್ ತಂತಿಗೆ, ಕ್ಯಾಥೋಡ್ ಮೈನಸ್ಸಿಗೆ. ಮೂರನೆಯ ಕಾಲು ಗೇಟ್. ಅದಕ್ಕೆ ಸ್ವಲ್ಪ ಕರೆಂಟ್ ಕೊಟ್ಟರೆ ಎಸ್‌ಸಿಆರ್ ಆನ್ ಆಗುತ್ತದೆ. ಬಿಟಿ151 ಅಥವಾ ಟಿವೈಎನ್612 ಮಾದರಿಯ ಎಸ್‌ಸಿಆರ್ ಧಾರಾಳವಾಗಿ ಸಾಕು. ಝೀನರ್ 1ಎನ್4744ಎ, ಅಂದರೆ 15 ವೋಲ್ಟ್, 1 ವಾಟ್. ಅದರ ಪಟ್ಟಿ ಇರುವ ಕಾಲು ಪ್ಲಸ್ ಕಡೆಗೆ. ಇನ್ನೊಂದು ಕಾಲು 47 ಓಮ್ ರೆಸಿಸ್ಟರ್ ಮೂಲಕ ಗೇಟಿಗೆ. ಗೇಟ್ ಮತ್ತು ಕ್ಯಾಥೋಡ್ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಇಷ್ಟೇ.

ಇದು ಕರಾರುವಾಕ್ಕಾಗಿ 15 ವೋಲ್ಟಿಗೇ ಟ್ರಿಪ್ ಆಗುವುದಿಲ್ಲ. ಝೀನರ್ ಮೇಲೆ ಗೇಟಿನ ಸುಮಾರು 0.7 ವೋಲ್ಟ್ ಸೇರುತ್ತದೆ. ಝೀನರ್‌ನಲ್ಲೇ ಶೇಕಡ 5 ಹೆಚ್ಚು ಕಡಿಮೆ ಇರುತ್ತದೆ. ಬಿಟಿ151ರ ಗೇಟಿಗೆ ಬೇಕಾದ ಕರೆಂಟ್ ಸಾಮಾನ್ಯವಾಗಿ 2 ಮಿಲಿ ಆಂಪಿಯರ್ ಆದರೂ ಕೆಲವು ಪೀಸುಗಳಿಗೆ 15ರವರೆಗೂ ಬೇಕಾಗಬಹುದು. ಹಾಗಾಗಿ ನಿಜವಾದ ಟ್ರಿಪ್ 15ರಿಂದ 17 ವೋಲ್ಟ್ ಒಳಗೆ ಎಲ್ಲಾದರೂ ಬೀಳಬಹುದು. ನಿಮ್ಮ ಸರ್ಕ್ಯೂಟಿನದು ಎಷ್ಟು ಎಂದು ಅಳೆದೇ ತಿಳಿಯಬೇಕು. ಹೇಗೆ ಎಂದು ಕೆಳಗೆ ಬರುತ್ತದೆ.

ಮೊದಲು ಮೀಟರನ್ನು ನಂಬಬಹುದೇ ನೋಡಿ

ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಎಲ್ಲರ ಹತ್ತಿರ ಇರುತ್ತದೆ. ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಾಗ ಈ ಮೀಟರುಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. 12 ವೋಲ್ಟ್ ಇರುವ ಕಡೆ 14, 15 ಕಾಣುತ್ತದೆ. ಓವರ್‌ವೋಲ್ಟೇಜ್ ಹುಡುಕಲು ಹೊರಟವರಿಗೆ ಇದಕ್ಕಿಂತ ದೊಡ್ಡ ಮೋಸ ಇಲ್ಲ. ಹೊಸ ಪೆನ್ಸಿಲ್ ಸೆಲ್ ಒಂದನ್ನು ಅಳೆಯಿರಿ. 1.5ರಿಂದ 1.6 ಬಂದರೆ ಮೀಟರ್ ಸರಿ. 1.8, 2 ಎಂದು ಬಂದರೆ ಮೀಟರಿನ ಬ್ಯಾಟರಿ ಬದಲಿಸಿ.

ಮೀಟರ್ ಜೊತೆಗೆ ಒಂದು 12 ವೋಲ್ಟ್ 10 ವಾಟ್ ಬಲ್ಬ್ ಬೇಕು. ಬೈಕ್ ಇಂಡಿಕೇಟರಿಗೆ ಹಾಕುವ ಬಲ್ಬ್, ಹೋಲ್ಡರ್ ಸಮೇತ ಯಾವ ಬೈಕ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಟೆಸ್ಟ್ ಮಾಡುವಾಗ ಫ್ಯೂಸಿನ ಜಾಗದಲ್ಲಿ ಈ ಬಲ್ಬ್ ಸೇರಿಸಿ. ಟ್ರಿಪ್ ಆದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಕರೆಂಟ್ 1 ಆಂಪಿಯರ್ ಒಳಗೇ ನಿಲ್ಲುತ್ತದೆ, ಫ್ಯೂಸ್ ಉಳಿಯುತ್ತದೆ.

ಫ್ಯೂಸ್ ಏನು ಹೇಳುತ್ತಿದೆ

ಹೋದ ಗಾಜಿನ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ತಂತಿ ನಡುವೆ ಮಾತ್ರ ತುಂಡಾಗಿ ಗಾಜು ತಿಳಿಯಾಗಿದ್ದರೆ ಸ್ವಲ್ಪ ಜಾಸ್ತಿ ಕರೆಂಟ್ ಬಹಳ ಹೊತ್ತು ಹರಿದಿದೆ. ಅದು ಕ್ರೋಬಾರ್ ಟ್ರಿಪ್ ಆಗಿರುವ ಸಾಧ್ಯತೆ ಕಡಿಮೆ. ಸಾಮಾನೇ ಜಾಸ್ತಿ ಎಳೆಯುತ್ತಿರಬಹುದು, ಇಲ್ಲವೇ ಫ್ಯೂಸನ್ನೇ ತೀರಾ ಚಿಕ್ಕದು ಆರಿಸಿರಬಹುದು. ಗಾಜಿನ ಒಳಗೆ ಕಪ್ಪು ಅಥವಾ ಬೆಳ್ಳಿಯ ಲೇಪ ಹತ್ತಿದ್ದರೆ ಜೋರಾದ ಶಾರ್ಟ್ ಆಗಿದೆ. ಎಸ್‌ಸಿಆರ್ ಹೊತ್ತಿಕೊಂಡಾಗ, ಅಂದರೆ ಆನ್ ಆದಾಗ, ಹೀಗೆ ಆಗುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ: ಯಾವಾಗ ಹೋಯಿತು? ಪ್ಲಗ್ ಹಾಕಿದ ಕ್ಷಣವೇ? ಕರೆಂಟ್ ಹೋಗಿ ಮತ್ತೆ ಬಂದಾಗಲೇ? ಬೆಳಗ್ಗೆ ಎಲ್ಲರ ಮನೆಯ ಗೀಸರ್ ಓಡುವ ಹೊತ್ತಲ್ಲೇ? ಗುಡುಗು ಮಳೆಯ ಸಂಜೆಯೇ? ಮಧ್ಯಾಹ್ನದ ಬಿಸಿಲಲ್ಲೇ? ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ, ಪ್ರತಿ ಸಲ ದಿನ ಮತ್ತು ಹೊತ್ತು ಬರೆಯಿರಿ. ಎರಡು ಮೂರು ಸಲ ಬರೆದರೆ ಸಾಕು, ಎಲ್ಲಿ ಹುಡುಕಬೇಕು ಎನ್ನುವುದು ತಾನಾಗೇ ಕಾಣುತ್ತದೆ. ಮುಂದಿನ ಎಲ್ಲ ಪರೀಕ್ಷೆಗಳೂ ಈ ಚೀಟಿಯನ್ನು ಓದುವ ವಿಧಾನಗಳೇ.

ನೀವು ಮನೆಯಲ್ಲಿ ಇಲ್ಲದಾಗ ಹೋದರೆ ಗೊತ್ತಾಗಲು ಫ್ಯೂಸಿಗೆ ಅಡ್ಡಲಾಗಿ ಒಂದು ಕೆಂಪು ಎಲ್ಇಡಿ ಮತ್ತು 1 ಕಿಲೋ ಓಮ್ ರೆಸಿಸ್ಟರ್ ಹಾಕಿಡಿ. ಫ್ಯೂಸ್ ಸರಿ ಇರುವಾಗ ಅದು ಆರಿರುತ್ತದೆ. ಫ್ಯೂಸ್ ಹೋದರೆ ಉರಿಯುತ್ತದೆ.

ಮೂರನ್ನು ಬೇರ್ಪಡಿಸುವ ಪರೀಕ್ಷೆ

ಪ್ಲಗ್ ತೆಗೆಯಿರಿ. ಸಾಮಾನಿನ ಪಿನ್ನನ್ನೂ ತೆಗೆಯಿರಿ. ಫ್ಯೂಸಿನ ಜಾಗದಲ್ಲಿ ಬಲ್ಬ್ ಹಾಕಿ, ಅಡಾಪ್ಟರ್ ಮಾತ್ರ ಆನ್ ಮಾಡಿ.

ಬಲ್ಬ್ ಉರಿಯಲಿಲ್ಲ, ಔಟ್‌ಪುಟ್‌ನಲ್ಲಿ 12 ವೋಲ್ಟ್ ಇದೆ ಎಂದಾದರೆ ಸರ್ಕ್ಯೂಟ್ ಸದ್ಯಕ್ಕೆ ಸರಿ ಇದೆ. ಈಗ ಸಾಮಾನಿನ ಪಿನ್ ಚುಚ್ಚಿ. ರೂಟರ್ ಎಳೆಯುವ ಕರೆಂಟಿಗೆ ಬಲ್ಬ್ ಮಂಕಾಗಿ ಮಿಣುಕಿದರೆ ಪರವಾಗಿಲ್ಲ. ಪೂರ್ತಿ ಪ್ರಕಾಶದಲ್ಲಿ ಉರಿದರೆ ಆಗ ಔಟ್‌ಪುಟ್ ವೋಲ್ಟೇಜ್ ಅಳೆಯಿರಿ. ಹತ್ತಿರ ಹತ್ತಿರ ಸೊನ್ನೆ, ಅಂದರೆ 0.1, 0.2 ಇದ್ದರೆ ಸಾಮಾನಿನ ಒಳಗೇ ಶಾರ್ಟ್. 0.8ರಿಂದ 1.2 ಸುತ್ತ ಇದ್ದರೆ ಎಸ್‌ಸಿಆರ್ ಹೊತ್ತಿಕೊಂಡಿದೆ. ಆನ್ ಆದ ಎಸ್‌ಸಿಆರ್ ತನ್ನ ಮೇಲೆ ಸುಮಾರು 1 ವೋಲ್ಟ್ ಉಳಿಸಿಕೊಳ್ಳುತ್ತದೆ. ಈ ಒಂದು ಅಳತೆ ಎಷ್ಟೋ ಗೊಂದಲ ಬಿಡಿಸುತ್ತದೆ.

ಸಾಮಾನು ಇಲ್ಲದೆಯೇ ಬಲ್ಬ್ ಉರಿದರೆ, ಅಡಾಪ್ಟರ್ ಆಫ್ ಮಾಡಿ ಝೀನರಿನ ಒಂದು ಕಾಲನ್ನು ಸೋಲ್ಡರ್ ಬಿಡಿಸಿ ಮೇಲೆತ್ತಿ. ಈಗ ಸರ್ಕ್ಯೂಟಿಗೆ ಕಾವಲು ಇಲ್ಲ, ಆದ್ದರಿಂದ ರೂಟರ್ ಹತ್ತಿರ ತರಬೇಡಿ. ಮತ್ತೆ ಆನ್ ಮಾಡಿ. ಈಗಲೂ ಬಲ್ಬ್ ಉರಿದರೆ ಟ್ರಿಗರ್ ಕಡೆ ತಪ್ಪಿಲ್ಲ. ಎಸ್‌ಸಿಆರ್ ಶಾರ್ಟ್ ಆಗಿದೆ, ಅಥವಾ ಎಲ್ಲೋ ಸೋಲ್ಡರ್ ಹನಿ ಎರಡು ಕಡೆ ಮುಟ್ಟಿದೆ, ಅಥವಾ ಎಸ್‌ಸಿಆರ್ ಬೆನ್ನಿನ ಲೋಹದ ಪಟ್ಟಿ ಎಲ್ಲಿಗಾದರೂ ತಗಲಿದೆ. ಈ ಕೊನೆಯದನ್ನು ಜನ ಮರೆಯುತ್ತಾರೆ. ಬಿಟಿ151ರ ಆ ಪಟ್ಟಿ ಒಳಗೆ ಆನೋಡಿಗೆ, ಅಂದರೆ ಪ್ಲಸ್ಸಿಗೆ ಸೇರಿರುತ್ತದೆ. ಮೈನಸ್ ಸೇರಿರುವ ಲೋಹದ ಡಬ್ಬಿಗೆ ಅದನ್ನು ನೇರ ಸ್ಕ್ರೂ ಮಾಡಿದರೆ ನೇರ ಶಾರ್ಟ್. ಮಧ್ಯೆ ಮೈಕಾ ಹಾಳೆ ಮತ್ತು ಪ್ಲಾಸ್ಟಿಕ್ ಬುಷ್ ಬೇಕು. ಪ್ಲಾಸ್ಟಿಕ್ ಡಬ್ಬಿ ಇನ್ನೂ ಒಳ್ಳೆಯದು.

ಝೀನರ್ ಎತ್ತಿದಾಗ ಬಲ್ಬ್ ಆರಿತು ಎಂದರೆ ತಪ್ಪು ಝೀನರ್ ಕಡೆಯದು, ಅಥವಾ ಅಡಾಪ್ಟರ್ ನಿಜವಾಗಿಯೂ ಜಾಸ್ತಿ ವೋಲ್ಟೇಜ್ ಕೊಡುತ್ತಿದೆ. ಅದೇ ಸ್ಥಿತಿಯಲ್ಲಿ ಔಟ್‌ಪುಟ್ ಅಳೆದರೆ ಎರಡರಲ್ಲಿ ಯಾವುದು ಎಂದು ತಕ್ಷಣ ತಿಳಿಯುತ್ತದೆ.

ಕಾರಣ ಇಲ್ಲದೆ ಟ್ರಿಪ್ ಆಗುತ್ತಿದ್ದರೆ

ಪ್ಲಗ್ ಹಾಕಿದ ಕ್ಷಣದಲ್ಲೇ, ಪ್ರತಿ ಸಲವೂ ಹೋಗುತ್ತಿದ್ದರೆ ಝೀನರ್ ಉಲ್ಟಾ ಕೂತಿದೆಯೇ ನೋಡಿ. ಉಲ್ಟಾ ಇದ್ದರೆ ಅದು ಸಾದಾ ಡಯೋಡಿನ ಹಾಗೆ 0.7 ವೋಲ್ಟಿಗೇ ಹರಿಯುತ್ತದೆ, ಎಸ್‌ಸಿಆರ್ ಕೂಡಲೇ ಹೊತ್ತಿಕೊಳ್ಳುತ್ತದೆ.

ಪ್ಲಗ್ ಹಾಕಿದಾಗ ಒಮ್ಮೊಮ್ಮೆ ಮಾತ್ರ ಹೋಗುತ್ತದೆ, ಒಮ್ಮೊಮ್ಮೆ ಇಲ್ಲ. ಇದು ಬೇರೆ ಕಥೆ. ಎಸ್‌ಸಿಆರ್‌ಗೆ ಒಂದು ಗುಣವಿದೆ. ಆನೋಡ್ ಮೇಲೆ ವೋಲ್ಟೇಜ್ ತುಂಬಾ ಬೇಗ ಏರಿದರೆ ಗೇಟಿಗೆ ಏನೂ ಕೊಡದಿದ್ದರೂ ಆನ್ ಆಗಿಬಿಡಬಹುದು. ಗೇಟ್ ಮತ್ತು ಕ್ಯಾಥೋಡ್ ನಡುವಿನ 1 ಕಿಲೋ ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಇರುವುದೇ ಇದನ್ನು ತಡೆಯಲು. ಅವುಗಳಲ್ಲಿ ಒಂದು ಬಿಟ್ಟುಹೋಗಿದೆಯೇ, ಸೋಲ್ಡರ್ ಸಡಿಲವಿದೆಯೇ ನೋಡಿ. ಗೇಟಿನ ತಂತಿ ಉದ್ದವಾಗಿದ್ದರೆ ಗಿಡ್ಡ ಮಾಡಿ. ಕೆಪಾಸಿಟರ್ ಎಸ್‌ಸಿಆರ್ ಕಾಲುಗಳ ಬುಡದಲ್ಲೇ ಇರಬೇಕು.

ಮಧ್ಯಾಹ್ನ ಮಾತ್ರ ಟ್ರಿಪ್ ಆಗುತ್ತಿದ್ದರೆ ಬಿಸಿಯನ್ನು ಅನುಮಾನಿಸಿ. ಎಷ್ಟೋ ಕಟ್ಟಡಗಳಲ್ಲಿ ಡಿವಿಆರ್ ಇರುವುದು ಟೆರೇಸ್ ಮೇಲಿನ ಶೀಟ್ ಕೋಣೆಯಲ್ಲಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ ನಿಲ್ಲಲು ಆಗುವುದಿಲ್ಲ. ಬಿಸಿ ಏರಿದಂತೆ ಗೇಟಿಗೆ ಬೇಕಾದ ವೋಲ್ಟೇಜೂ ಕರೆಂಟೂ ಕಡಿಮೆಯಾಗುತ್ತವೆ. ಸಿ106ರಂಥ ತೀರಾ ಸೂಕ್ಷ್ಮ ಎಸ್‌ಸಿಆರ್ ಹಾಕಿ, ಗೇಟ್ ರೆಸಿಸ್ಟರ್ ಹಾಕದೇ ಇದ್ದರೆ ಅದು ತನ್ನ ಪಾಡಿಗೆ ಆನ್ ಆಗುವುದುಂಟು. ಇಂಥ ಜಾಗಕ್ಕೆ ಬಿಟಿ151ರಂಥದ್ದೇ ಸರಿ.

ಝೀನರ್ ಬೆಲೆ ಆರಿಸುವುದರಲ್ಲೂ ತಪ್ಪಾಗುತ್ತದೆ. ರೂಟರ್ ಒಳಗಿನ ಮೊದಲ ಕೆಪಾಸಿಟರ್ ಮೇಲೆ 16 ವೋಲ್ಟ್ ಎಂದು ಬರೆದಿದ್ದರೆ 13 ವೋಲ್ಟಿನ 1ಎನ್4743ಎ ಹಾಕುವುದು ನ್ಯಾಯವೇ. ಆದರೆ ಅದೇ ಡಬ್ಬಿಯನ್ನು ಲೆಡ್ ಆಸಿಡ್ ಬ್ಯಾಟರಿಯ ಲೈನಿಗೆ ಸೇರಿಸಿದರೆ ನಿಲ್ಲುವುದಿಲ್ಲ. ಬ್ಯಾಟರಿ ಫ್ಲೋಟ್‌ನಲ್ಲಿ, ಅಂದರೆ ತುಂಬಿದ ಮೇಲೆ ಹಾಗೇ ಹಿಡಿದಿಡುವಾಗ, 13.8, ಬೂಸ್ಟ್ ಚಾರ್ಜಿನಲ್ಲಿ 14.4 ವೋಲ್ಟ್ ಮುಟ್ಟುತ್ತದೆ. ಕರೆಂಟ್ ಬಂದು ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಗುತ್ತಿದ್ದರೆ, ಬ್ಯಾಟರಿ ಚಾರ್ಜ್ ಆಗುತ್ತಾ ಟ್ರಿಪ್ ಮಟ್ಟಕ್ಕೆ ಏರಿದೆ ಎಂದರ್ಥ. ಮೂರು ಲಿಥಿಯಂ ಸೆಲ್ ಇರುವ ಮಿನಿ ಯುಪಿಎಸ್ ಆದರೆ ಪೂರ್ತಿ ಚಾರ್ಜಿನಲ್ಲೂ 12.6 ಮಾತ್ರ. ಅಲ್ಲಿ 13ರ ಝೀನರ್ ನಡೆಯುತ್ತದೆ.

ಝೀನರನ್ನೇ ಪರೀಕ್ಷಿಸಬೇಕೇ? ಮೀಟರಿನ ಡಯೋಡ್ ರೇಂಜಿನಲ್ಲಿ 15 ವೋಲ್ಟ್ ಕಾಣಿಸದು. ಎರಡು 9 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಜೋಡಿಸಿ 18 ಮಾಡಿ. ಅದಕ್ಕೆ 1 ಕಿಲೋ ಓಮ್ ರೆಸಿಸ್ಟರ್, ಮುಂದೆ ಝೀನರ್, ಪಟ್ಟಿಯ ಕಾಲು ಪ್ಲಸ್ ಕಡೆಗೆ. ಝೀನರ್ ಮೇಲೆ ಅಳೆದರೆ 15 ಹತ್ತಿರ ಬರಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಬೀದಿಯಾದ ಎಸ್.ಪಿ. ರೋಡಿನ ಅಂಗಡಿಗಳಲ್ಲಿ "ಅಣ್ಣ, 15 ವೋಲ್ಟ್ ಝೀನರ್, ಒಂದು ವಾಟಿನದು ಐದು ಕೊಡಿ" ಎಂದರೆ ಕಾಗದದ ಪಟ್ಟಿಯಿಂದ ಕತ್ತರಿಸಿ ಕೊಡುತ್ತಾರೆ. ಅಕ್ಷರ ಓದಲು ಆಗದಷ್ಟು ಚಿಕ್ಕದು. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ, ಮನೆಗೆ ಬಂದು ಪ್ರತಿಯೊಂದನ್ನೂ ಹೀಗೆ ಅಳೆದೇ ಸೋಲ್ಡರ್ ಮಾಡಿ.

ಫ್ಯೂಸ್ ಹೋಗಿಲ್ಲ, ಆದರೆ ರೂಟರ್ ತಾನಾಗಿ ಆಫ್ ಆಗಿ ಆನ್ ಆಗುತ್ತಿದೆ

ಇದನ್ನು ಜನ ಇಂಟರ್ನೆಟ್ ತೊಂದರೆ ಎಂದುಕೊಂಡು ಕಂಪನಿಗೆ ಫೋನ್ ಮಾಡುತ್ತಾರೆ. ಕ್ರೋಬಾರ್ ಇರುವ ಮನೆಯಲ್ಲಿ ಮೊದಲು ಅಡಾಪ್ಟರಿಗೆ ಕಿವಿ ಕೊಡಬೇಕು. ಇವತ್ತಿನ ಅಡಾಪ್ಟರುಗಳು ಹೆಚ್ಚುಕಡಿಮೆ ಎಲ್ಲ ಎಸ್‌ಎಂಪಿಎಸ್, ಅಂದರೆ ವೇಗವಾಗಿ ಸ್ವಿಚ್ ಆಗುತ್ತಾ ವೋಲ್ಟೇಜ್ ಇಳಿಸುವ ಹಗುರವಾದ ಮಾದರಿ. ಔಟ್‌ಪುಟ್ ಶಾರ್ಟ್ ಆದರೆ ಅವು ತಮ್ಮನ್ನು ತಾವೇ ಆಫ್ ಮಾಡಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತವೆ. ಟಿಕ್ ಟಿಕ್ ಎಂದು ಸಣ್ಣ ಸದ್ದು ಬರುತ್ತದೆ, ಅಡಾಪ್ಟರಿನ ದೀಪ ಮಿಟುಕುತ್ತದೆ.

1 ಆಂಪಿಯರ್ ಅಡಾಪ್ಟರ್ ಮುಂದೆ 2 ಆಂಪಿಯರ್ ಫ್ಯೂಸ್ ಹಾಕಿದರೆ ಫ್ಯೂಸ್ ಯಾವತ್ತೂ ಹೋಗದಿರಬಹುದು. ಗಾಜಿನ ಫ್ಯೂಸ್ ತನ್ನ ರೇಟಿಂಗಿನ ಎರಡು ಪಟ್ಟು ಕರೆಂಟನ್ನೂ ಬಹಳ ಹೊತ್ತು ತಾಳಿಕೊಳ್ಳಬಲ್ಲದು. ಹತ್ತು ಪಟ್ಟಾದರೆ ಮಾತ್ರ ಕ್ಷಣಾರ್ಧದಲ್ಲಿ ಹೋಗುತ್ತದೆ. ಅಡಾಪ್ಟರ್ ಅಷ್ಟು ಕೊಡುವುದೇ ಇಲ್ಲ. ಆಗ ನಡೆಯುವುದು ಇಷ್ಟು: ಎಸ್‌ಸಿಆರ್ ಹೊತ್ತಿಕೊಂಡಿತು, ಅಡಾಪ್ಟರ್ ನಿಂತಿತು, ಕರೆಂಟ್ ಸೊನ್ನೆಯಾದಾಗ ಎಸ್‌ಸಿಆರ್ ಬಿಟ್ಟುಕೊಂಡಿತು, ಅಡಾಪ್ಟರ್ ಮತ್ತೆ ಎದ್ದಿತು, ರೂಟರ್ ಹೊಸದಾಗಿ ಆನ್ ಆಯಿತು. ಹೊರಗಿನಿಂದ ನೋಡುವವರಿಗೆ ರೂಟರ್ ರೀಸ್ಟಾರ್ಟ್ ಆದಂತೆ ಅಷ್ಟೇ.

ಇದು ಕೆಟ್ಟದ್ದಲ್ಲ. ಔಟ್‌ಪುಟ್ 1 ವೋಲ್ಟಿಗೆ ಇಳಿದಿರುವುದರಿಂದ ಸಾಮಾನಿಗೆ ಅಪಾಯ ಇಲ್ಲ. ಆದರೆ ಪದೇ ಪದೇ ಆಗುತ್ತಿದ್ದರೆ ಕಾರಣ ಹುಡುಕಲೇಬೇಕು. ಕೆಲವು ಅಡಾಪ್ಟರುಗಳು ಆಫ್ ಆಗದೆ ಸ್ವಲ್ಪ ಕರೆಂಟ್ ಹರಿಸುತ್ತಲೇ ಇರುತ್ತವೆ. ಆಗ ಎಸ್‌ಸಿಆರ್ 2 ಆಂಪಿಯರಿಗೆ 2 ವಾಟಿನಷ್ಟು ಬಿಸಿಯಾಗುತ್ತದೆ. ಅದಕ್ಕೆ ಚಿಕ್ಕ ಹೀಟ್‌ಸಿಂಕ್ ಕಟ್ಟಿ. ಅಡಾಪ್ಟರಿನ ಬದಲು ಬ್ಯಾಟರಿ ಇದ್ದರೆ ಈ ಟಿಕ್ ಟಿಕ್ ಇರುವುದಿಲ್ಲ, ಫ್ಯೂಸ್ ಒಂದೇ ಸಲಕ್ಕೆ ಹೋಗುತ್ತದೆ.

ಟ್ರಿಪ್ ಆಗಲೇ ಇಲ್ಲ, ಸಾಮಾನು ಹೋಯಿತು

ಮೊದಲು ಫ್ಯೂಸಿನ ಜಾಗ ನೋಡಿ. ಫ್ಯೂಸ್ ಅಡಾಪ್ಟರ್ ಮತ್ತು ಎಸ್‌ಸಿಆರ್ ನಡುವೆ ಇರಬೇಕು. ಎಸ್‌ಸಿಆರ್ ಆದ ಮೇಲೆ ಹಾಕಿದರೆ ಅದಕ್ಕೆ ಶಾರ್ಟಿನ ಕರೆಂಟ್ ಮುಟ್ಟುವುದೇ ಇಲ್ಲ, ತಂತಿ ಬಿಸಿಯಾಗುತ್ತದೆ ಅಷ್ಟೇ. ಆಮೇಲೆ ಎಸ್‌ಸಿಆರ್ ಕಾಲುಗಳು. ಅಕ್ಷರ ನಿಮ್ಮ ಕಡೆಗಿರುವಂತೆ ಹಿಡಿದರೆ ಬಿಟಿ151ರಲ್ಲಿ ಎಡದಿಂದ ಕ್ಯಾಥೋಡ್, ಆನೋಡ್, ಗೇಟ್. ಆನೋಡ್ ಕ್ಯಾಥೋಡ್ ಅದಲುಬದಲಾದರೆ ಅದು ಎಂದಿಗೂ ಆನ್ ಆಗದು.

ಎಸ್‌ಸಿಆರ್ ಜೀವಂತವಿದೆಯೇ ಎಂದು ನೋಡಲು 12 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ ಬಲ್ಬ್, ಬಲ್ಬಿನಿಂದ ಆನೋಡ್, ಕ್ಯಾಥೋಡಿನಿಂದ ಮೈನಸ್ ಜೋಡಿಸಿ. ಬಲ್ಬ್ ಆರಿರಬೇಕು. ಪ್ಲಸ್‌ನಿಂದ 470 ಓಮ್ ರೆಸಿಸ್ಟರ್ ಮೂಲಕ ಗೇಟನ್ನು ಒಮ್ಮೆ ಮುಟ್ಟಿಸಿ ತೆಗೆಯಿರಿ. ಬಲ್ಬ್ ಉರಿದು ಉರಿದೇ ಇರಬೇಕು. ಮುಟ್ಟಿಸಿದಾಗ ಮಾತ್ರ ಉರಿದು ತೆಗೆದಾಗ ಆರಿದರೆ ನಿಮ್ಮ ಕೈಯಲ್ಲಿರುವುದು ಎಸ್‌ಸಿಆರ್ ಅಲ್ಲ, ಅದೇ ಆಕಾರದ ಟ್ರಾನ್ಸಿಸ್ಟರ್ ಇರಬಹುದು.

ಟ್ರಿಪ್ ಮಟ್ಟ ಅಳೆಯಲು ವೇರಿಯಬಲ್ ಸಪ್ಲೈ ಇದ್ದರೆ ಸರಿ. ಇಲ್ಲದಿದ್ದರೆ ಎಕ್ಸ್‌ಎಲ್6009 ಬೂಸ್ಟ್ ಮಾಡ್ಯೂಲ್ ಸಾಕು. 12 ಕೊಟ್ಟು ಸ್ಕ್ರೂ ತಿರುಗಿಸಿದರೆ ವೋಲ್ಟೇಜ್ ನಿಧಾನವಾಗಿ ಏರುತ್ತದೆ. ಫ್ಯೂಸಿನ ಜಾಗದಲ್ಲಿ ಬಲ್ಬ್ ಇರಲೇಬೇಕು. ಬೂಸ್ಟ್ ಮಾಡ್ಯೂಲಿಗೆ ಶಾರ್ಟನ್ನು ತಡೆಯುವ ಶಕ್ತಿ ಇಲ್ಲ. ಒಳಗಿನ ಕಾಯಿಲ್ ಮತ್ತು ಡಯೋಡ್ ಮೂಲಕ ಕರೆಂಟ್ ನೇರ ಹರಿದು ಡಯೋಡ್ ಸುಡುತ್ತದೆ. ಮೀಟರನ್ನು ಎಸ್‌ಸಿಆರ್ ಮೇಲೆ ಇಟ್ಟು ಏರಿಸುತ್ತಾ ಹೋಗಿ. 15 ದಾಟಿ ಎಲ್ಲೋ ಒಂದು ಕಡೆ ಥಟ್ಟನೆ 1 ವೋಲ್ಟಿಗೆ ಬೀಳುತ್ತದೆ, ಬಲ್ಬ್ ಬೆಳಗುತ್ತದೆ. ಬೀಳುವ ಮೊದಲು ಕಂಡ ಅಂಕಿಯೇ ನಿಮ್ಮ ಟ್ರಿಪ್ ಮಟ್ಟ. 17 ದಾಟಿದರೂ ಬೀಳದಿದ್ದರೆ ಗೇಟ್ ರೆಸಿಸ್ಟರ್ 47ರ ಬದಲು 4.7 ಕಿಲೋ ಬಿದ್ದಿದೆಯೇ ನೋಡಿ. ಬಣ್ಣದ ಪಟ್ಟಿಗಳಲ್ಲಿ ಕಪ್ಪಿನ ಜಾಗದಲ್ಲಿ ಕೆಂಪು ಇದ್ದರೆ ಅಷ್ಟೇ ಸಾಕು, ನೂರು ಪಟ್ಟಾಯಿತು.

ನಿಜವಾಗಿಯೂ ವೋಲ್ಟೇಜ್ ಏರುತ್ತಿದ್ದರೆ

ಸರ್ಕ್ಯೂಟ್ ಸರಿ ಇದೆ, ಸಾಮಾನು ಸರಿ ಇದೆ, ಆದರೂ ಫ್ಯೂಸ್ ಹೋಗುತ್ತಿದೆ. ಹಾಗಾದರೆ ಆ ಡಬ್ಬಿ ತನ್ನ ಕೆಲಸ ಮಾಡುತ್ತಿದೆ. ಅದಕ್ಕೆ ಬೆಲೆ ಕೊಡಿ, ಕಾರಣ ಹುಡುಕಿ.

ಅಡಾಪ್ಟರ್ ಭಾರವಾಗಿದ್ದು ಗುಂಯ್ ಎನ್ನುತ್ತಿದ್ದರೆ ಅದು ಹಳೆಯ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವಂಥದ್ದು. 12 ವೋಲ್ಟ್ ಎಂದು ಬರೆದಿದ್ದರೂ ಲೋಡ್ ಇಲ್ಲದಾಗ 16, 17 ವೋಲ್ಟ್ ಬರುವುದು ಅದಕ್ಕೆ ಸಹಜ. ಮನೆಯ ವೋಲ್ಟೇಜ್ ಏರಿದರೆ ಅದೂ ಏರುತ್ತದೆ. ರೂಟರಿಗೆ ಅದನ್ನು ಬಳಸಬೇಡಿ.

ಎಸ್‌ಎಂಪಿಎಸ್ ಆದರೆ ಔಟ್‌ಪುಟ್ ಕಡೆಯ ಕೆಪಾಸಿಟರ್ ಒಣಗಿರಬಹುದು. ಆಗ ಮೀಟರ್ 12 ಎಂದೇ ತೋರಿಸುತ್ತದೆ, ಏಕೆಂದರೆ ಅದು ಸರಾಸರಿ. ಅದರ ಮೇಲೆ ಕೂತ ಚೂಪು ಏರಿಳಿತ ಮೀಟರಿಗೆ ಕಾಣದು, ಝೀನರಿಗೆ ಕಾಣುತ್ತದೆ. ಏರಿಳಿತ ಹಿಡಿಯಲು ಮೀಟರನ್ನು ಎಸಿ ರೇಂಜಿಗಿಟ್ಟು, ಕೆಂಪು ಪ್ರೋಬಿಗೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಸರಣಿಯಲ್ಲಿ ಸೇರಿಸಿ ಅಳೆಯಿರಿ. ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲಿ ಡಿಸಿಯನ್ನೂ ಸೇರಿಸಿಕೊಂಡು ತಪ್ಪು ಅಂಕಿ ಹೇಳುತ್ತವೆ. ಕೆಪಾಸಿಟರ್ ಆ ಡಿಸಿಯನ್ನು ತಡೆಯುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್ ಕಂಡರೂ ಅಡಾಪ್ಟರ್ ಬದಲಿಸಿ. ಲೋಡ್ ಇಲ್ಲದೆ ಡಿಸಿಯೇ 13, 14 ತೋರಿಸುತ್ತಿದ್ದರೆ ಔಟ್‌ಪುಟ್ ವೋಲ್ಟೇಜನ್ನು ಹದದಲ್ಲಿಡುವ ಫೀಡ್‌ಬ್ಯಾಕ್ ಭಾಗ ಕೆಟ್ಟಿದೆ, ಅದನ್ನು ರಿಪೇರಿ ಮಾಡುವ ಆಸೆ ಬೇಡ.

ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಅಡಾಪ್ಟರ್ ಸಾಯುತ್ತಿದ್ದರೆ, ಎಲ್ಇಡಿ ಬಲ್ಬುಗಳೂ ಬೇಗ ಬೇಗ ಹೋಗುತ್ತಿದ್ದರೆ, ತಪ್ಪು 230 ವೋಲ್ಟ್ ಕಡೆಯದು. ಬೆಂಗಳೂರಿನ ಬಾಡಿಗೆ ಕಟ್ಟಡಗಳಲ್ಲಿ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳಬೇಕು. ಕೆಳಗೆ ಓನರ್, ಮೇಲೆ ಎರಡು ಮೂರು ಮನೆ. ಬರುವುದು ತ್ರೀ ಫೇಸ್, ಒಂದೊಂದು ಮಹಡಿಗೆ ಒಂದೊಂದು ಫೇಸ್, ಎಲ್ಲಕ್ಕೂ ಒಂದೇ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ. ಗೇಟ್ ಹತ್ತಿರದ ಮೀಟರ್ ಬೋರ್ಡಿನಲ್ಲಿ ಆ ನ್ಯೂಟ್ರಲ್ ಸ್ಕ್ರೂ ಸಡಿಲವಾದರೆ ಮಹಡಿಗಳೆಲ್ಲ ಒಂದಕ್ಕೊಂದು ಸರಣಿಯಾಗಿ ಎರಡು ಫೇಸುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಎರಡು ಫೇಸ್ ನಡುವೆ ಇರುವುದು ಸುಮಾರು 400 ವೋಲ್ಟ್. ಗೀಸರ್ ಓಡುತ್ತಿರುವ ಮನೆಗೆ ಕಡಿಮೆ ವೋಲ್ಟೇಜ್ ಸಿಗುತ್ತದೆ. ಒಂದು ಬಲ್ಬ್ ಮತ್ತು ರೂಟರ್ ಮಾತ್ರ ಇರುವ ಮನೆಗೆ ಉಳಿದದ್ದೆಲ್ಲ ಬೀಳುತ್ತದೆ. ಕಡಿಮೆ ಕರೆಂಟ್ ಬಳಸುವವರ ಸಾಮಾನೇ ಸುಡುತ್ತದೆ, ಎಂಥ ಅನ್ಯಾಯ ಅಲ್ವಾ?

ಅಡಾಪ್ಟರಿನ ಮೇಲೆ 100ರಿಂದ 240 ಎಂದು ಬರೆದಿರುತ್ತದೆ. ಒಳಗಿನ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ವೋಲ್ಟಿನದು. ಎಸಿಯ ತುದಿ ಅದರ ಅಂಕಿಯ 1.414 ಪಟ್ಟು. ಅಂದರೆ 283 ವೋಲ್ಟ್ ಎಸಿ ಬಂದರೆ ಆ ಕೆಪಾಸಿಟರ್ ತನ್ನ ಮಿತಿ ಮುಟ್ಟಿತು.

ಪತ್ತೆ ಹಚ್ಚುವುದು ಹೀಗೆ. ಸಾಕೆಟ್ಟಿನಲ್ಲಿ ಮೀಟರನ್ನು ಎಸಿ 750 ಅಥವಾ 600 ರೇಂಜಿಗೆ ಇಟ್ಟು ಫೇಸ್ ಮತ್ತು ನ್ಯೂಟ್ರಲ್ ಅಳೆಯಿರಿ. ಪ್ರೋಬಿನ ತಂತಿ ಸೀಳಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆಮೇಲೆ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ. ಅಲ್ಲಿ ಒಂದೆರಡು ವೋಲ್ಟ್ ಸಹಜ. 20, 30 ಕಂಡರೆ ನ್ಯೂಟ್ರಲ್ ಮೇಲೆ ಅನುಮಾನ ಪಡಿ. ಈಗ ಕೆಳಗಿನ ಮನೆಯವರನ್ನು ಕೇಳಿ: "ಆಂಟಿ, ಒಂದು ನಿಮಿಷ ನಿಮ್ಮ ಗೀಸರ್ ಆನ್ ಮಾಡ್ತೀರಾ?" ಅವರು ಆನ್ ಮಾಡಿದಾಗ ನಿಮ್ಮ ಮನೆಯ ವೋಲ್ಟೇಜ್ ಎದ್ದು ಕಾಣುವಷ್ಟು ಏರಿದರೆ ಬೇರೆ ಸಾಕ್ಷಿ ಬೇಡ. ನ್ಯೂಟ್ರಲ್ ಸಡಿಲವಿದೆ. ಸರಿಯಾದ ನ್ಯೂಟ್ರಲ್ ಇದ್ದರೆ ಅವರ ಗೀಸರಿನಿಂದ ನಿಮಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ.

260 ದಾಟಿದ ಅಂಕಿ ಕಂಡರೆ ಪರೀಕ್ಷೆ ಅಲ್ಲಿಗೆ ನಿಲ್ಲಿಸಿ. ಮೇನ್ ಆಫ್ ಮಾಡಿ, ಬೇರೆ ಮಹಡಿಯವರಿಗೂ ಹೇಳಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮೀಟರಿನ ಸೀಲ್ ಮುಟ್ಟಬೇಡಿ. ಮೀಟರಿನಿಂದ ಒಳಗಿನ ಭಾಗಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕು.

ಈ ತೊಂದರೆಗೆ ಸ್ಪೈಕ್ ಬಸ್ಟರ್ ಸಾಲದು. ಅದರೊಳಗೆ ಇರುವ ನೀಲಿ ಬಿಲ್ಲೆ ಎಂಒವಿ, ಅಂದರೆ ವೋಲ್ಟೇಜ್ ತೀರಾ ಏರಿದಾಗ ಆ ಏಟನ್ನು ತನ್ನ ಮೂಲಕ ಹರಿಸಿಕೊಳ್ಳುವ ಭಾಗ. 431 ಎಂದು ಬರೆದಿರುವುದು ಹರಿಯಲು ಶುರುಮಾಡುವುದೇ 430 ವೋಲ್ಟ್ ಸುತ್ತ. 300 ವೋಲ್ಟ್ ಎಸಿಯ ತುದಿ 424. ಅಂದರೆ ನಿಮ್ಮ ಮನೆಗೆ 300 ಬಂದು ಕೂತರೂ ಅದು ಸುಮ್ಮನಿರುತ್ತದೆ. 400 ಬಂದರೆ ಒಂದೇ ಸಮನೆ ಹರಿದು ಸುಟ್ಟುಹೋಗುತ್ತದೆ, ಹಿಂದೆ ಫ್ಯೂಸ್ ಇಲ್ಲದಿದ್ದರೆ ಬೆಂಕಿಯೂ ಹತ್ತಬಹುದು. ಅದು ಕ್ಷಣಿಕ ಏಟಿಗೆ ಮಾತ್ರ. ಬಿಲ್ಲೆ ಬಿರುಕು ಬಿಟ್ಟಿದ್ದರೆ, ಕಂದು ಕಲೆ ಇದ್ದರೆ ಅದರ ಆಯಸ್ಸು ಮುಗಿದಿದೆ. ನಿಂತು ಕಾಡುವ ಹೈ ವೋಲ್ಟೇಜಿಗೆ ಮನೆಯ ಎಂಸಿಬಿಗಳಿರುವ ಡಿಬಿ ಬೋರ್ಡಿನಲ್ಲಿ ಕೂರುವ ಓವರ್ ಮತ್ತು ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ. 230 ಕಡೆ ಮನೆಯಲ್ಲೇ ಕಟ್ಟಿದ ರಿಲೇ ಸರ್ಕ್ಯೂಟನ್ನು ನಾನು ಯಾರಿಗೂ ಸೂಚಿಸುವುದಿಲ್ಲ. 12 ವೋಲ್ಟ್ ಕಡೆ ಎಷ್ಟು ಬೇಕಾದರೂ ಪ್ರಯೋಗ ಮಾಡಿ. ಅಲ್ಲಿ ತಪ್ಪಾದರೆ ಒಂದು ಫ್ಯೂಸ್ ಹೋಗುತ್ತದೆ, ಇಲ್ಲಿ ಜೀವ ಹೋಗುತ್ತದೆ.

ಗುಡುಗು ಮಳೆಯಲ್ಲಿ ಹೋದರೆ

ಏಪ್ರಿಲ್ ಮೇ ತಿಂಗಳ ಸಂಜೆಯ ಮಳೆಯಲ್ಲಿ ಫ್ಯೂಸ್ ಚೆನ್ನಾಗಿದ್ದೂ ರೂಟರಿನ ಒಂದು ಲ್ಯಾನ್ ಪೋರ್ಟ್ ಮಾತ್ರ ಸತ್ತಿದ್ದರೆ, ಅಥವಾ ಡಿವಿಆರ್‌ನ ಒಂದೇ ಚಾನೆಲ್ ಹೋಗಿದ್ದರೆ, ಏಟು ಬಂದಿರುವುದು ಟೆರೇಸಿನಿಂದ ಇಳಿದ ಕೇಬಲ್ ಮೂಲಕ. ಪವರ್ ಕಡೆಯ ಕ್ರೋಬಾರ್ ಅದನ್ನು ತಡೆಯಲಾರದು. ಮಳೆ ಶುರುವಾಗುವ ಮುಂಚೆ ಆ ಕೇಬಲ್ ಬಿಚ್ಚಿಡುವುದೇ ಗಟ್ಟಿ ಉಪಾಯ. ಪವರ್ ಲೈನಿನಲ್ಲಿ ಬರುವ ಚೂಪು ಏಟಿಗೆ ಎಸ್‌ಸಿಆರ್ ಜೊತೆ ಪಿ6ಕೆಇ18ಎ ಟಿವಿಎಸ್ ಡಯೋಡ್ ಒಂದನ್ನು ಪ್ಲಸ್ ಮೈನಸ್ ನಡುವೆ ಸೇರಿಸಿ, ಪಟ್ಟಿ ಪ್ಲಸ್ ಕಡೆಗೆ. ಎಸ್‌ಸಿಆರ್ ಪೂರ್ತಿ ಆನ್ ಆಗಲು ಒಂದೆರಡು ಮೈಕ್ರೋ ಸೆಕೆಂಡ್ ಬೇಕು, ಟಿವಿಎಸ್‌ಗೆ ಅಷ್ಟೂ ಬೇಡ. ಸಿಡಿಲಿನ ಏಟಿನಲ್ಲಿ ಟಿವಿಎಸ್ ಶಾರ್ಟ್ ಆಗಿ ಸತ್ತರೆ ಫ್ಯೂಸ್ ಪದೇ ಪದೇ ಹೋಗುತ್ತದೆ, ಎಸ್‌ಸಿಆರ್ ನಿರಪರಾಧಿ. ಮೇಲಿನ ಬಲ್ಬ್ ಪರೀಕ್ಷೆಯಲ್ಲಿ ಸಾಮಾನು ಸೇರಿಸದೆಯೂ ಔಟ್‌ಪುಟ್ 1 ವೋಲ್ಟಿನ ಬದಲು ಸೊನ್ನೆ ಹತ್ತಿರ ಇದ್ದರೆ ಟಿವಿಎಸ್ ಕಾಲನ್ನೂ ಎತ್ತಿ ನೋಡಿ.

ಎಲ್ಲ ಸರಿಪಡಿಸಿದ ಮೇಲೆ ಮೊದಲ ಸಲ ಬಲ್ಬ್ ಮೂಲಕವೇ ಆನ್ ಮಾಡಿ. ಟ್ರಿಪ್ ಮಟ್ಟವನ್ನು ಇನ್ನೊಮ್ಮೆ ಅಳೆಯಿರಿ. ಸಾಮಾನು ಸಾಮಾನ್ಯವಾಗಿ ಎಳೆಯುವ ಕರೆಂಟಿನ ಒಂದೂವರೆ ಪಟ್ಟಿನ ಫಾಸ್ಟ್ ಫ್ಯೂಸ್ ಹಾಕಿ. ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಟ್ರಿಪ್ ವೋಲ್ಟೇಜ್, ಫ್ಯೂಸಿನ ಅಂಕಿ, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎನ್ನುವುದನ್ನು ಬರೆದುಬಿಡಿ. ನೀವು ಊರಿಗೆ ಹೋಗಿರುವಾಗ ಫ್ಯೂಸ್ ಹೋದರೆ ಮನೆಯಲ್ಲಿರುವವರು ಫೋನಿನಲ್ಲಿ ನಿಮಗೆ ಓದಿ ಹೇಳಬಹುದು. ಎರಡು ಹೊಸ ಫ್ಯೂಸನ್ನು ಡಬ್ಬಿಯ ಒಳಗೇ ಟೇಪ್ ಹಾಕಿ ಅಂಟಿಸಿಡಿ.